ಒಂದೇ ಬಾಟಲಿಯ ಗುಳಿಗೆ

ಶಿರೂರು
ಜೂನ್ 20, 2024

ನಿಖಿತಾ ಮಗಾ,

ನಿನ್ನನ್ನು ಬ್ರಹ್ಮಾವರದ ಹಾಸ್ಟೆಲಿನಲ್ಲಿ ಬಿಟ್ಟು ಬಂದಾಗಿನಿಂದ ನನ್ನ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಅಲ್ಲಿ ಮೊಬೈಲು ಇಟ್ಟುಕೊಳ್ಳಲು ಬಿಡುವುದಿಲ್ಲ. ಭಾನುವಾರ ವಾರ್ಡನ್ ಫೋನಿನಲ್ಲಿ ಮಾತಾಡಿದರೆ ಹಿಂದೆ ಸಾಲು ನಿಂತ ಹುಡುಗಿಯರ ಗಲಾಟೆಯಲ್ಲಿ ನಿನ್ನ ಸ್ವರವೇ ಕೇಳುವುದಿಲ್ಲ. ಅದಕ್ಕೆ ಕಾಗದ ಬರೆಯುವುದು ಅಂತ ಮಾಡಿದ್ದೇನೆ. ತಿಂಡಿ ಡಬ್ಬಿಯ ಜೊತೆ ಕಂಡಕ್ಟರ್ ರಾಜೀವಣ್ಣನ ಕೈಯಲ್ಲಿ ಕೊಡುತ್ತೇನೆ. ಅವರು ಬ್ರಹ್ಮಾವರ ಬಸ್ ಸ್ಟ್ಯಾಂಡಿನ ಹೂವಿನ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ. ನೀನು ಖಾಲಿ ಡಬ್ಬಿಯೊಳಗೆ ಉತ್ತರ ಇಟ್ಟು ಅಲ್ಲೇ ಕೊಡು. ನನ್ನ ಅಕ್ಷರ ನೋಡಿ ನಗಬೇಡ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ ಇದಕ್ಕಿಂತ ಚಂದ ಆಗಲಿಕ್ಕಿಲ್ಲ.

ಹಾಸ್ಟೆಲಿನ ಮೆಟ್ಟಿಲು ಜಾರುತ್ತದೆ, ಮಳೆಗೆ ಓಡಬೇಡ. ಹೆದ್ದಾರಿ ದಾಟುವಾಗ ನಾಲ್ಕು ಜನರ ಜೊತೆ ದಾಟು. ಕುಡಿಯುವ ನೀರು ಕುದಿಸಿದ್ದೋ ಕೇಳು. ಇದೆಲ್ಲ ಇರಲಿ, ಮುಖ್ಯ ನಿನ್ನ ಕುತ್ತಿಗೆ.

ಹೋದ ತಿಂಗಳು ನನ್ನ ಥೈರಾಯ್ಡ್ ತೋರಿಸಲು ಬೈಂದೂರಿಗೆ ಹೋಗಿದ್ದೆನಲ್ಲ, ಆಗ ಡಾಕ್ಟ್ರು ಕೇಳಿದರು, ಮಕ್ಕಳೆಷ್ಟು ಅಂತ. ಎರಡು ಹೆಣ್ಣು ಅಂದೆ. ತಾಯಿಗೆ ಇದ್ದರೆ ಮಕ್ಕಳಿಗೂ ಬರಬಹುದು, ಬಂದೇ ಬರುತ್ತದೆ ಅಂತಲ್ಲ, ವರ್ಷಕ್ಕೊಮ್ಮೆ ಕರೆದುಕೊಂಡು ಬಂದು ತೋರಿಸಿ, ವ್ಯತ್ಯಾಸ ಕಂಡರೆ ರಕ್ತ ಪರೀಕ್ಷೆ ಮಾಡಿಸಿ ಅಂದರು. ಬಂದೇ ಬರುತ್ತದೆ ಅಂತಲ್ಲ ಅನ್ನುವುದು ಅವರಿಗೆ ಸುಲಭ. ನನಗೆ ಅವತ್ತಿನಿಂದ ಅನ್ನ ಇಳಿಯುವುದಿಲ್ಲ. ಕನ್ನಡಿಯ ಮುಂದೆ ನಿಂತು, ಗದ್ದ ಎತ್ತಿ, ಒಂದು ಗುಟುಕು ನೀರು ಕುಡಿ. ನುಂಗುವಾಗ ಗಂಟಲ ಬುಡದಲ್ಲಿ ಏನಾದರೂ ಉಬ್ಬಿದ್ದು ಮೇಲೆ ಕೆಳಗೆ ಹೋಗುತ್ತದಾ ನೋಡು.

ನಾನು ಯಾಕೆ ಇಷ್ಟು ಹೆದರುತ್ತೇನೆ ಅಂತ ನಿನಗೆ ಒಂದು ಸಲವೂ ಸರಿಯಾಗಿ ಹೇಳಲಿಲ್ಲ. ಏಳನೇ ಕ್ಲಾಸಿನಿಂದ ನನಗೆ ನಿದ್ರೆಯೋ ನಿದ್ರೆ. ಪಾಠ ತಲೆಗೆ ಹೋಗುತ್ತಿರಲಿಲ್ಲ, ಮುಖ ಊದಿಕೊಂಡಿರುತ್ತಿತ್ತು. ಮೇಷ್ಟ್ರು ಎಮ್ಮೆ ಅಂತ ಕರೆಯುತ್ತಿದ್ದರು. ಮನೆಯಲ್ಲಿ ಉದಾಸೀನ ಅಂತ ಬೈದರು. ಎಂಟರಲ್ಲಿ ಫೇಲಾದ ಮೇಲೆ ಬಿಡಿಸಿದರು. ಮತ್ತೆ ಎಷ್ಟೋ ವರ್ಷಕ್ಕೆ, ನಿನ್ನ ತಂಗಿ ಸ್ವಾತಿ ಹುಟ್ಟಿದ ಮೇಲೆ, ರಕ್ತ ನೋಡಿದ ಡಾಕ್ಟ್ರು ಇದು ಸಣ್ಣಂದಿನಿಂದಲೇ ಇದ್ದಿರಬೇಕು ಅಂದರು. ಆ ದಿವಸ ಗೊತ್ತಾಯಿತು, ನಾನು ದಡ್ಡಿ ಆಗಿರಲಿಲ್ಲ, ನನಗೆ ಹೊತ್ತಿಗೆ ಸರಿಯಾಗಿ ಒಂದು ಗುಳಿಗೆ ಸಿಗಲಿಲ್ಲ ಅಷ್ಟೇ. ನಿನಗೆ ಹಾಗೆ ಆಗಬಾರದು.

ಇಂತಿ ನಿನ್ನ ಅಮ್ಮ
ಸುಗಂಧಿ


ಬ್ರಹ್ಮಾವರ
ಜುಲೈ 7, 2024

ಅಮ್ಮ,

ಡಬ್ಬಿ ಸಿಕ್ಕಿತು. ಹಲಸಿನ ಹಪ್ಪಳ ಒಂದೇ ಸಂಜೆಗೆ ಮುಗಿಯಿತು. ಹೂವಿನ ಅಂಗಡಿಯವರು ನನ್ನನ್ನು ಕಂಡ ಕೂಡಲೇ, “ಹ್ವಾಯ್ ಶಿರೂರ್ ಹೆಣ್ಣೇ, ಬಾ ಇಲ್ಲ್. ನಿಮ್ಮಮ್ಮ ಇನ್ನೊಂದ್ ವಾರ ಬಿಟ್ರೆ ಮನೆನೇ ಕಟ್ಟಿ ಬಸ್ಸಿಗ್ ಹಾಕ್ತ್ರ್” ಅಂದರು.

ನೀನು ಹೇಳಿದ ಹಾಗೆ ನೀರು ಕುಡಿದು ನೋಡಿದೆ. ನನ್ನ ರೂಮಿನ ಹರ್ಷಾ, ಕೋಟದವಳು, ಬಾಗಿಲಲ್ಲಿ ನಿಂತು, “ಎಂತ ಮರಾಯ್ತಿ, ನೀರ್ ಕುಡುದನ್ನೂ ಕನ್ನಡಿಯಗ್ ಕಾಣ್ಕಾ? ಅಷ್ಟ್ ಚಂದ ಇದ್ಯಾ ನೀನ್?” ಅಂತ ಎಲ್ಲರನ್ನೂ ಕರೆದು ನಗಿಸಿದಳು. ಉಬ್ಬಿದ್ದೇನೂ ಕಾಣಲಿಲ್ಲ. ಬಾಚಣಿಗೆಯಲ್ಲಿ ಕೂದಲು ಸ್ವಲ್ಪ ಹೆಚ್ಚು ಬರುತ್ತದೆ, ಇಲ್ಲಿನ ನೀರಿಗೆ ಎಲ್ಲರಿಗೂ ಹಾಗೆಯೇ ಅಂತೆ. ಹಸಿವು ಮಾತ್ರ ವಿಪರೀತ. ಎರಡು ಸಲ ಅನ್ನ ಹಾಕಿಸಿಕೊಂಡು ಎದ್ದರೂ ಮತ್ತೆ ಹಸಿವು. ಅದಕ್ಕೆ ಡಬ್ಬಿ ದೊಡ್ಡದು ಕಳಿಸು. ಹೆದರಬೇಡ.

ನಿನ್ನ
ನಿಖಿತಾ


ಶಿರೂರು
ಆಗಸ್ಟ್ 2, 2024

ನಿಖಿತಾ,

ಹೆದರಬೇಡ ಅಂತ ಬರೆದೆಯಲ್ಲ, ಆ ಮಾತು ಓದಿಯೇ ಹೆದರಿದೆ. ಕೂದಲು ಅಂದೆ. ನನಗೂ ಮೊದಲು ಶುರುವಾದದ್ದು ಕೂದಲೇ.

ಅಂಗಡಿಯಲ್ಲಿ ನಿನ್ನ ಅಪ್ಪಯ್ಯ ಬೆಲ್ಲ ತೂಗುತ್ತಿದ್ದರು. ನಾನು ಹೋಗಿ, “ಹ್ವಾಯ್, ಹೆಣ್ಣಿನ್ ರಕ್ತ ಒಂದ್ಸಲ ಪರೀಕ್ಷೆ ಮಾಡ್ಸ್ಕ್” ಅಂದೆ.

“ಎಂತಕೆ? ಹುಷಾರಿಲ್ಯಾ?”

“ಕೂದ್ಲ್ ಉದುರ್ತ್ ಅಂತ ಬರ್ದಿದ್ಲ್.”

“ಕೂದ್ಲ್ ಉದ್ರಿರೆ ರಕ್ತ ತೆಗುದಾ? ನಂಗೂ ಉದ್ರಿ ಬೋಳಾಯ್ತ್, ನನ್ ರಕ್ತ ಯಾರ್ ತೆಗದ್ರ್?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಬಿಡಲಿಲ್ಲ. ಅದಕ್ಕೆ ಅವರು, “ಕಳ್ದ್ ವರ್ಷ ಸ್ವಾತಿಗೆ ಡೆಂಗ್ಯೂ ಅಂದೆ, ಅದ್ ಶೀತ ಆಯ್ತ್. ನಂಗೆ ಹಾರ್ಟ್ ಅಂದೆ, ಅದ್ ಗ್ಯಾಸ್ ಆಯ್ತ್. ನೀನ್ ಹೆದ್ರಿಕಿ ಮಾರೂಕೆ ಅಂಗಡಿ ಇಟ್ರೆ ನನ್ನಂಗಡಿಗಿಂತ ಲಾಯ್ಕ್ ನಡಿತಿತ್ತ್” ಅಂದರು. ಆಮೇಲೆ ಗಿರಾಕಿ ಹೋದ ಮೇಲೆ ಸಣ್ಣ ಸ್ವರದಲ್ಲಿ ಬೇರೆ ಮಾತು. ಬೈಂದೂರಿನ ಲ್ಯಾಬಿನಲ್ಲಿ ಇರುವುದು ಅವರ ದಾಯಾದಿಯ ಮಗ. ಇವತ್ತು ರಕ್ತ ಕೊಟ್ಟರೆ ನಾಳೆ ಇಡೀ ಕುಟುಂಬಕ್ಕೆ ಗೊತ್ತು, ಹೆಣ್ಣಿಗೆ ಈಗಲೇ ಕಾಯಿಲೆಯ ಹೆಸರು ಬೇಡ, ದೀಪಾವಳಿಗೆ ಬಂದಾಗ ಕಾಂಬ ಅಂದರು.

ಅವರು ಹೇಳುವುದರಲ್ಲಿ ಸುಳ್ಳಿಲ್ಲ. ನಾನು ಹೆದರಿದ್ದು ಹತ್ತರಲ್ಲಿ ಒಂಬತ್ತು ಸುಳ್ಳೇ ಆಗುತ್ತದೆ. ಹಾಗಂತ ಹೆದರುವುದು ನಿಲ್ಲಿಸಲು ಬರುತ್ತದಾ? ದಿನಾ ಕನ್ನಡಿ ನೋಡು.

ನಿನ್ನ ಅಮ್ಮ


ಬ್ರಹ್ಮಾವರ
ಸೆಪ್ಟೆಂಬರ್ 8, 2024

ಅಮ್ಮ,

ಈ ಸಲ ಸತ್ಯ ಬರೆಯುತ್ತೇನೆ, ಅಳಬೇಡ. ಜಡೆ ಹಾಕುವಾಗ ಹರ್ಷಾ ನೋಡಿ, “ಏ, ನಿನ್ ಕುತ್ಗಿ ಬುಡ ದಪ್ಪ ಕಾಂತಲೆ” ಅಂದಳು. ಕನ್ನಡಿಯಲ್ಲಿ ನೀರು ಕುಡಿದು ನೋಡಿದೆ. ಹೌದು, ಇದೆ. ನುಂಗುವಾಗ ಮೇಲೆ ಹೋಗಿ ಕೆಳಗೆ ಬರುತ್ತದೆ. ನೋವಿಲ್ಲ. ಈ ಸಲ ಹರ್ಷಾ ಯಾರನ್ನೂ ಕರೆದು ನಗಿಸಲಿಲ್ಲ.

ಮೂರನೇ ಮಾಳಿಗೆಗೆ ಹತ್ತಿದರೆ ಕಾಲು ಸೋಲುತ್ತದೆ. ರಾತ್ರಿ ನಿದ್ರೆ ಸರಿ ಬರುವುದಿಲ್ಲ, ಕ್ಲಾಸಿನಲ್ಲಿ ಮನಸ್ಸು ನಿಲ್ಲುವುದಿಲ್ಲ. ಎಲ್ಲರೂ ಹೊದ್ದು ಮಲಗಿದರೆ ನಾನು ಫ್ಯಾನ್ ಹಾಕಿ ಅಂತ ಜಗಳ. ಫಿಸಿಕ್ಸ್ ಟೆಸ್ಟಿನಲ್ಲಿ ಫೇಲಾದೆ. ನಾನು, ಅದೂ ಫಿಸಿಕ್ಸಿನಲ್ಲಿ, ಅಮ್ಮ.

ಅಪ್ಪಯ್ಯನಿಗೆ ಹೇಳಿ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಬಿಡುವ. ಏನು ಅಂತ ಗೊತ್ತಾದರೆ ಸಾಕು.

ನಿಖಿತಾ


ಶಿರೂರು
ಸೆಪ್ಟೆಂಬರ್ 14, 2024

ನನ್ನ ಮಗಾ,

ನಿನ್ನ ಕಾಗದ ಓದಿ ಅಂಗಡಿಯ ಹಿಂದಿನ ಚೀಲಗಳ ಮೇಲೆ ಕುಳಿತವಳು ಎದ್ದದ್ದು ಯಾವಾಗಲೋ. ಫೇಲಾದೆ ಅಂತ ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ನನ್ನದೇ ಶುರುವಾಯಿತು, ಅದೇ ದಾರಿ.

ಅಪ್ಪಯ್ಯನ ಹತ್ತಿರ ಕೇಳಿದೆ. ದೀಪಾವಳಿಗೆ ಅಂತ ಒಮ್ಮೆ ಹೇಳಿದೆನಲ್ಲ ಅಂದರು. ಕುತ್ತಿಗೆಯ ವಿಷಯ ಹೇಳಿದರೆ ಹೆಣ್ಣು ಬೆಳೆಯುವಾಗ ಹಾಗೆಲ್ಲ ಆಗುತ್ತದೆ ಅಂದರು. ದೀಪಾವಳಿಯವರೆಗೆ ಕಾದರೆ ನಿನ್ನ ಪಾಠ ಎಷ್ಟು ಹೋಗುತ್ತದೆ? ನಾನು ಕಾದು ಕಾದು ಏನಾದೆ ಅಂತ ನೋಡುತ್ತಿದ್ದೀಯಲ್ಲ.

ಚಕ್ಕುಲಿಯ ಕೆಳಗೆ ಮುಲಾಮಿನ ಹಳೆಯ ಸಣ್ಣ ಡಬ್ಬಿ ಇದೆ. ತೊಳೆದು ಒಣಗಿಸಿದ್ದೇನೆ. ಅದರಲ್ಲಿ ನನ್ನ ಗುಳಿಗೆ ಹಾಕಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಅರ್ಧ ಮುರಿದು ನೀರಿನಲ್ಲಿ ನುಂಗು, ಚಾ ಒಂದು ಗಂಟೆ ಬಿಟ್ಟು. ಇದು ವಿಷವಲ್ಲ ಮಗಾ, ಇಷ್ಟು ವರ್ಷದಿಂದ ನಾನು ತಿನ್ನುತ್ತಿಲ್ಲವಾ? ನಿನ್ನ ಕಾಯಿಲೆ ನನ್ನ ಹೊಟ್ಟೆಯಿಂದ ಬಂದದ್ದು. ಪರೀಕ್ಷೆ ಮಾಡಿಸಿದರೂ ಡಾಕ್ಟ್ರು ಕೊಡುವುದು ಇದನ್ನೇ. ಸ್ವಲ್ಪ ಮೊದಲು ಶುರು ಮಾಡಿದೆವು ಅಂತ ತಿಳಿದುಕೊ.

ನನಗೆ ಕಡಿಮೆಯಾಗುತ್ತದಾ ಅಂತ ಯೋಚಿಸಬೇಡ. ಬಾಟಲಿಯಲ್ಲಿ ಬೇಕಾದಷ್ಟಿದೆ.

ಅಪ್ಪಯ್ಯನಿಗೆ, ವಾರ್ಡನಿಗೆ, ಹರ್ಷಾಳಿಗೆ ಕೂಡ ಹೇಳಬೇಡ. ನನ್ನಾಣೆ.

ಅಮ್ಮ


ಬ್ರಹ್ಮಾವರ
ಅಕ್ಟೋಬರ್ 9, 2024

ಅಮ್ಮ,

ದಸರಾ ರಜೆಯಲ್ಲೂ ಬಿಡುವುದಿಲ್ಲ, ಸ್ಪೆಶಲ್ ಕ್ಲಾಸ್ ಇಟ್ಟಿದ್ದಾರೆ. ಗುಳಿಗೆ ದಿನಾ ತಿನ್ನುತ್ತಿದ್ದೇನೆ. ಯಾರಿಗೂ ಹೇಳಲಿಲ್ಲ.

ಆದರೆ ಎದೆ ಹೊಡೆದುಕೊಳ್ಳುವುದು ಜಾಸ್ತಿಯಾಗಿದೆ. ಸುಮ್ಮನೆ ಕುಳಿತಾಗಲೂ ಓಡಿ ಬಂದ ಹಾಗೆ. ಲ್ಯಾಬಿನಲ್ಲಿ ಪಿಪೆಟ್ ಹಿಡಿದರೆ ಕೈ ನಡುಗುತ್ತದೆ. ಜೂನಿನಲ್ಲಿ ಹೊಲಿಸಿದ ಚೂಡಿದಾರ ಈಗ ಗೂಟಕ್ಕೆ ಸಿಕ್ಕಿಸಿದ ಹಾಗೆ ಕಾಣುತ್ತದೆ.

ಒಂದು ಕೇಳುತ್ತೇನೆ, ಬೇಜಾರು ಮಾಡಬೇಡ. ನೀನು ಮೇ ತಿಂಗಳಲ್ಲೂ ಚಳಿ ಅಂತ ಸ್ವೆಟರ್ ಹಾಕುತ್ತಿದ್ದೆ. ನನಗೆ ಸೆಕೆ. ನೀನು ದಪ್ಪ ಆದೆ, ನಾನು ತೆಳ್ಳಗಾಗುತ್ತಿದ್ದೇನೆ. ನಿನಗೆ ನಿದ್ರೆ ಹೆಚ್ಚು, ನನಗೆ ಬರುವುದೇ ಇಲ್ಲ. ಇದು ಅದೇ ಕಾಯಿಲೆಯಾ ಅಮ್ಮ?

ನಿಖಿತಾ


ಶಿರೂರು
ಅಕ್ಟೋಬರ್ 15, 2024

ಮಗಾ,

ಅದೇ. ಮತ್ತೆ ಯಾವುದು? ಕುತ್ತಿಗೆ ಉಬ್ಬಿದ್ದು ಸುಳ್ಳಾ, ಕೂದಲು ಉದುರಿದ್ದು ಸುಳ್ಳಾ, ಪಾಠ ತಲೆಗೆ ಹೋಗದೆ ಇದ್ದದ್ದು ಸುಳ್ಳಾ? ಸೆಕೆ ಅಂದರೆ ಅಲ್ಲಿ ಮೇಲಿನ ಮಾಳಿಗೆಗೆ ತಗಡಿನ ಮಾಡು. ತೆಳ್ಳಗಾದದ್ದು ಹಾಸ್ಟೆಲಿನ ಸಾರು ತಿಂದು. ನನಗೂ ಗುಳಿಗೆ ಶುರು ಮಾಡಿದಾಗ ಎದೆ ಹೊಡೆದಿತ್ತು, ಆಮೇಲೆ ಸರಿಯಾಯಿತು. ಮದ್ದು ಹಿಡಿಯುತ್ತಿದೆ ಅಂತ ಲೆಕ್ಕ. ಅರ್ಧ ಸಾಲದು ಅಂತ ಕಾಣುತ್ತದೆ, ಇನ್ನು ಪೂರ್ತಿ ತಿನ್ನು.

ಹೆಚ್ಚು ಬರೆಯಲು ಆಗುತ್ತಿಲ್ಲ. ಇತ್ತೀಚೆಗೆ ಕುಳಿತಲ್ಲೇ ಕಣ್ಣು ಎಳೆಯುತ್ತದೆ. ಮಳೆ ಬಿಟ್ಟಿಲ್ಲ, ಚಳಿ ಬೇರೆ.

ಅಮ್ಮ


ಶಿರೂರು
ನವೆಂಬರ್ 6, 2024

ನಿಖಿತಾ,

ದೀಪಾವಳಿ ಮುಗಿಸಿ ನಿನ್ನನ್ನು ಬಸ್ಸು ಹತ್ತಿಸಿದಾಗ ನೀನು ಕಿಟಕಿಯಿಂದ ತಿರುಗಿ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು.

ಬಾರ್ಕೂರಿನ ವಿನಯತ್ತೆ ಎಲ್ಲರ ಎದುರು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. “ಹೆಣ್ಣಿನ್ ಕಣ್ಣ್ ಎಂತಕೆ ಹಾಂಗ್ ಹೊರಗ್ ಬಂದಿತ್? ಅತ್ಗೆ, ನೀವ್ ದಿನಾ ಹೆದ್ರುವರ್, ಈಗ್ ಮಾತ್ರ ಸುಮ್ನಿದ್ರ್ಯಲೆ?”

ಆಗ ನಿನ್ನ ಅಪ್ಪಯ್ಯ ಉಣ್ಣುತ್ತಿದ್ದವರು ನಿನ್ನನ್ನು ಸರಿಯಾಗಿ ನೋಡಿದರು. ಅದೇ ಮೊದಲು ಅಂತ ಕಾಣುತ್ತದೆ. “ನಾಳೆ ಬೈಂದೂರಿಗ್ ಹೋಪ. ಯಾರಿಗ್ ಗೊತ್ತಾರೂ ಅಡ್ಡಿಲ್ಲೆ” ಅಂದರು.

ಬೇಡ ಅಂದವಳು ನಾನು. ಹಬ್ಬದಲ್ಲಿ ಲ್ಯಾಬ್ ಬಾಗಿಲು ಹಾಕಿರುತ್ತದೆ, ಪರೀಕ್ಷೆ ಮುಗಿಸಿ ಬರಲಿ ಅಂದೆ. ನೀನು ನನ್ನ ಮುಖ ನೋಡಿದೆ. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಈಗ ರಕ್ತ ತೆಗೆಸಿದರೆ ಗುಳಿಗೆ ತಿಂದದ್ದು ಡಾಕ್ಟ್ರಿಗೆ ಗೊತ್ತಾಗುತ್ತದೆ. ಡಾಕ್ಟ್ರಿಗೆ ಗೊತ್ತಾದರೆ ಅಪ್ಪಯ್ಯನಿಗೆ. ಇನ್ನೊಂದು ಸ್ವಲ್ಪ ದಿವಸ. ನಿನಗೆ ಗುಣ ಆದ ಮೇಲೆ ನಾನೇ ಹೇಳುತ್ತೇನೆ, ಆಗ ಯಾರೂ ಬೈಯುವುದಿಲ್ಲ.

ಹೊಸ ಗುಳಿಗೆ ಒಣ ಸಿಗಡಿ ಚಟ್ನಿಯ ಪಕ್ಕದಲ್ಲಿದೆ.

ಅಮ್ಮ


ಬ್ರಹ್ಮಾವರ
ನವೆಂಬರ್ 27, 2024

ಅಮ್ಮ ಅಕ್ಷರ ನಡುಗಿದೆ ಬೈಯಬೇಡ. ಮೆಟ್ಟಿಲು ಹತ್ತಲು ಆಗುವುದಿಲ್ಲ, ಹರ್ಷಾ ಕೈ ಹಿಡಿಯುತ್ತಾಳೆ. ವಾರ್ಡನ್ ಪರೀಕ್ಷೆಯ ಭಯ ಅಂತಾರೆ. ಭೇದಿ ನಿಲ್ಲುವುದಿಲ್ಲ. ನಿನ್ನೆ ಹರ್ಷಾ ನನ್ನ ಎದೆಯ ಮೇಲೆ ಕೈ ಇಟ್ಟು, “ಇದೆಂತ ಇದ್, ಬಿಟ್ಟ್ ಬಿಟ್ಟ್ ಹೊಡಿತಿತ್” ಅಂತ ಕೈ ತೆಗೆದಳು.

ಗುಳಿಗೆ ನಿಲ್ಲಿಸಲಾ ಅಮ್ಮ? ನೀನು ಹೂಂ ಅಂದರೆ ನಿಲ್ಲಿಸುತ್ತೇನೆ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿದ್ದೀಯಲ್ಲ, ಅದಕ್ಕೆ ನಿನ್ನನ್ನೇ ಕೇಳುತ್ತಿದ್ದೇನೆ.

ನಿ


ಶಿರೂರು
ಡಿಸೆಂಬರ್ 3, 2024

ನಿಖಿತಾ ಮಗಾ,

ನಿನ್ನ ಕಾಗದ ಬಂದು ಎಷ್ಟು ದಿವಸವಾಯಿತೋ. ಬರೆಯಬೇಕು ಅಂತ ಕುಳಿತರೆ ಹಾಗೆಯೇ ಒರಗಿಬಿಡುತ್ತೇನೆ. ನನ್ನ ಸ್ವರ ದಪ್ಪ ಆಗಿದೆ, ಫೋನಿನಲ್ಲಿ ಯಾರೋ ಗಂಡಸು ಅಂದುಕೊಂಡರು. ಸಕ್ಕರೆ ಕೇಳಿದವರಿಗೆ ಉಪ್ಪು ತೂಗಿ ಕೊಟ್ಟೆ. ಅಪ್ಪಯ್ಯ ತಮಾಷೆ ಮಾಡಿದರು, ಆಮೇಲೆ ತಮಾಷೆ ಬಿಟ್ಟರು. ಡಬ್ಬಿಯಲ್ಲಿ ಸಿಗಡಿ ಚಟ್ನಿ ಹಾಕಿದ್ದೇನೆ.

ಗುಳಿಗೆ ನಿಲ್ಲಿಸಬೇಡ. ನಡುವೆ ನಿಲ್ಲಿಸಬಾರದು ಅಂತ ನನಗೆ ಡಾಕ್ಟ್ರು ಎಷ್ಟು ಸಲ ಹೇಳಿದ್ದಾರೆ. ಒಂದು ದಿವಸವೂ ಬಿಡಬಾರದು ಅಂತ. ಒಂದು ಪರೀಕ್ಷೆ ಮುಗಿಯಲಿ. ಇಷ್ಟು ದಿವಸ ತಿಂದದ್ದು ವ್ಯರ್ಥ ಆಗಬಾರದು. ನೀನು ಓದಬೇಕು. ನೀನು ಓದಿದರೆ ನಾನು ಓದಿದ ಹಾಗೆ.

ಡಬ್ಬಿಯಲ್ಲಿ ಸಿಗಡಿ ಚಟ್ನಿ ಹಾಕಿದ್ದೇನೆ.

ಅಮ್ಮ


ಉಡುಪಿ, ಆಸ್ಪತ್ರೆ
ಡಿಸೆಂಬರ್ 12, 2024

ನಿಖಿತಾ,

ಒಳಗೆ ನನ್ನನ್ನು ಬಿಡುವುದಿಲ್ಲ. ಈ ಚೀಟಿ ನರ್ಸ್ ಕೈಯಲ್ಲಿ ಕೊಡುತ್ತಿದ್ದೇನೆ, ನೀನು ಕಣ್ಣು ಬಿಟ್ಟಾಗ ಓದಿ ಹೇಳಲು ಕೇಳಿದ್ದೇನೆ.

ಪ್ರಾಕ್ಟಿಕಲ್ ಪರೀಕ್ಷೆಯ ನಡುವೆ ಕುಸಿದು ಬಿದ್ದೆ ಅಂತ ಹಾಸ್ಟೆಲಿನಿಂದ ಫೋನ್ ಬಂತು. ನಾವು ಬರುವಷ್ಟರಲ್ಲಿ ನಿನಗೆ ಜ್ವರ ಏರಿ ಮಾತು ತಪ್ಪಿತ್ತು. ಎದೆಗೆ ತಂತಿ ಹಾಕಿದ್ದಾರೆ. ಇದು ಥೈರಾಯ್ಡೇ, ಆದರೆ ನನ್ನದಕ್ಕೆ ಉಲ್ಟಾ ಅಂತೆ. ನನ್ನ ಗ್ರಂಥಿ ಕೆಲಸ ಮಾಡುವುದಿಲ್ಲ, ಅದಕ್ಕೆ ಗುಳಿಗೆ. ನಿನ್ನದು ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಮಾಡುತ್ತದೆ. ಒಂದೇ ಮನೆಯಲ್ಲಿ ತಾಯಿಗೆ ಹಾಗೆ, ಮಗಳಿಗೆ ಹೀಗೆ ಆಗುವುದು ಉಂಟು ಅಂತೆ. ನನಗೆ ಯಾರು ಹೇಳಿದ್ದರು? ಯಾರೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಡಾಕ್ಟ್ರು ಕೇಳಿದರು, ಮಗು ಬೇರೆ ಏನಾದರೂ ಮದ್ದು ತಿನ್ನುತ್ತಿತ್ತಾ ಅಂತ. ನಿನ್ನ ಅಪ್ಪಯ್ಯ ಎಂತದೂ ಇಲ್ಲೆ ಅಂದರು. ನಾನು ನೆಲ ನೋಡಿದೆ. ಎಚ್ಚರ ಇದ್ದಾಗ ನಿನ್ನ ಹತ್ತಿರವೂ ಕೇಳಿದರಂತೆ, ನೀನೂ ಇಲ್ಲ ಅಂದೆಯಂತೆ. ಅದನ್ನು ಕೇಳಿದ ಮೇಲೆ ನನಗೆ ನಿಲ್ಲಲು ಆಗಲಿಲ್ಲ. ಡಾಕ್ಟ್ರ ಹಿಂದೆ ಓಡಿದೆ. ವರಾಂಡದ ಕೊನೆಯಲ್ಲಿ ಅವರ ಕೋಟು ಹಿಡಿದು ನಿಲ್ಲಿಸಿದೆ. ಸೆಪ್ಟೆಂಬರಿನಿಂದ ನನ್ನ ಬಾಟಲಿಯಿಂದ ಕೊಟ್ಟೆ ಅಂದೆ. ಅವರು ಬೈಯಲಿಲ್ಲ. “ಎಷ್ಟು ಪವರಿನದು? ದಿನಕ್ಕೆ ಎಷ್ಟು? ಕೊನೆಗೆ ಯಾವಾಗ ಕೊಟ್ಟಿರಿ?” ಅಂತ ಕೇಳಿ ಒಳಗೆ ಓಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ತಿರುಗಿ ನೋಡಿದರೆ ನಿನ್ನ ಅಪ್ಪಯ್ಯ ಹಿಂದೆಯೇ ನಿಂತಿದ್ದರು.

ಆಣೆ ತೆಗೆದುಬಿಟ್ಟಿದ್ದೇನೆ. ಇನ್ನು ಅವರು ಏನು ಕೇಳಿದರೂ ಸತ್ಯ ಹೇಳು.

ಅಮ್ಮ


ಶಿರೂರು
ಮಾರ್ಚ್ 9, 2025

ನಿಖಿತಾ,

ನೀನು ಬಾರ್ಕೂರಿಗೆ ವಿನಯತ್ತೆಯ ಮನೆಗೆ ಹೋದ ಮೇಲೆ ಫೋನ್ ಮಾಡಿದಾಗಲೆಲ್ಲ ಅವರು, “ಈಗ್ ಮನಿಕಂಡಿದ್ಲ್ ಅತ್ಗೆ” ಅನ್ನುತ್ತಾರೆ. ಎಚ್ಚರ ಇದ್ದೀ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಹಿಂದಿನ ಎರಡು ಕಾಗದಕ್ಕೆ ಉತ್ತರ ಬರಲಿಲ್ಲ. ಡಬ್ಬಿ ಕಳಿಸುವುದನ್ನು ನಿನ್ನ ಅಪ್ಪಯ್ಯ ನಿಲ್ಲಿಸಿದ್ದಾರೆ. ನಾನು ಮಾಡಿದ ಚಕ್ಕುಲಿಯನ್ನು ಅವರೂ ಮುಟ್ಟುವುದಿಲ್ಲ, ಸ್ವಾತಿಗೂ ಕೊಡಲು ಬಿಡುವುದಿಲ್ಲ. ಜ್ವರ ಬಂದರೆ ಸ್ವಾತಿ ಈಗ ಅಪ್ಪಯ್ಯನ ಹತ್ತಿರ ಹೋಗಿ ಹೇಳುತ್ತಾಳೆ. ನನ್ನ ಗುಳಿಗೆಯ ಬಾಟಲಿ ಗಲ್ಲಾ ಪೆಟ್ಟಿಗೆಯಲ್ಲಿದೆ. ಬೆಳಿಗ್ಗೆ ಒಂದು ತೆಗೆದು ನನ್ನ ಅಂಗೈಗೆ ಹಾಕಿ, ನುಂಗುವವರೆಗೆ ನಿಂತು ನೋಡುತ್ತಾರೆ. ತಮಾಷೆಯೂ ಇಲ್ಲ. ಅವರ ತಮಾಷೆಗೆ ಒಂದು ಕಾಲದಲ್ಲಿ ಎಷ್ಟು ಸಿಟ್ಟು ಬರುತ್ತಿತ್ತು.

ಆಸ್ಪತ್ರೆಯಲ್ಲಿ ನನ್ನ ರಕ್ತವನ್ನೂ ನೋಡಿದ್ದರಲ್ಲ. ಎಷ್ಟೋ ಸಮಯದಿಂದ ಸರಿಯಾಗಿ ಮದ್ದು ತಿಂದವಳ ರಕ್ತವಲ್ಲ ಇದು ಅಂದರು. ಹೌದು. ನಿನಗೆ ಅರ್ಧ ಕಳಿಸಿದಾಗ ನಾನು ಅರ್ಧ ತಿಂದೆ. ನಿನಗೆ ಪೂರ್ತಿ ಕಳಿಸಿದ ಮೇಲೆ ಹೆಚ್ಚಿನ ದಿವಸ ನಾನು ನೀರು ಮಾತ್ರ ಕುಡಿದೆ. ಎರಡನೇ ಬಾಟಲಿ ತರಿಸಿದರೆ ಯಾಕೆ ಅಂತ ಕೇಳುತ್ತಿದ್ದರು. ಇದನ್ನು ಪುಣ್ಯ ಅಂತ ಹೇಳುತ್ತಿಲ್ಲ. ನಿಲ್ಲಿಸಬೇಡ ಅಂತ ಬರೆದ ದಿವಸ ನನ್ನ ತಲೆಯೊಳಗೆ ಹತ್ತಿ ತುಂಬಿದ ಹಾಗಿತ್ತು. ಆದರೆ ಪೆನ್ನು ಹಿಡಿದದ್ದು ನನ್ನದೇ ಕೈ.

ಕುಂದಾಪುರದಲ್ಲಿ ಸ್ವಾತಿಯ ರಕ್ತ ತೆಗೆಸಿದೆವು. ನಿನ್ನ ಅಪ್ಪಯ್ಯನೇ ಕರೆದುಕೊಂಡು ಹೋದದ್ದು, ನಾನು ಹಿಂದಿನ ಸೀಟಿನಲ್ಲಿ. ಸೂಜಿ ನೋಡಿ ಅವಳು, “ನಂಗೂ ಅಕ್ಕನಂಗೆ ಆತ್ತಾ ಅಪ್ಪಯ್ಯ?” ಅಂದಳು. ನನ್ನನ್ನು ಕೇಳಲಿಲ್ಲ. ಈಗ ಗ್ರಂಥಿ ಸರಿ ಇದೆ. ಆದರೆ ಮುಂದೆ ಥೈರಾಯ್ಡ್ ಬರಬಹುದು ಅನ್ನುವ ಗುರುತು ನಮ್ಮಿಬ್ಬರ ರಕ್ತದಲ್ಲಿ ಇದ್ದ ಹಾಗೆ ಅವಳಲ್ಲೂ ಇದೆ ಅಂತೆ. ಮದ್ದು ಬೇಡ, ವರ್ಷ ವರ್ಷ ಬಂದು ತೋರಿಸಬೇಕು ಅಷ್ಟೇ ಅಂದರು. ಬಂದೇ ಬರುತ್ತದೆ ಅಂತಲ್ಲ ಅಂದರು.

ನಿನಗೆ ಏಪ್ರಿಲಿನಲ್ಲಿ ಆಪರೇಷನ್ ಅಂತ ವಿನಯತ್ತೆ ಹೇಳಿದರು. ನಾನು ಬರಬಹುದಾ ಅಂತ ಕೇಳಲು ಈ ಕಾಗದ. ಬೇಡ ಅಂದರೆ ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತೇನೆ. ನಿನಗೆ ಕಾಣದ ಹಾಗೆ.

ಅಮ್ಮ


ಬಾರ್ಕೂರು
ಮೇ 18, 2025

ಅಮ್ಮ,

ನೀನು ಬೆಂಚಿನ ಮೇಲೆ ಕುಳಿತದ್ದು ಕಂಡಿತ್ತು. ಸ್ಟ್ರೆಚರಿನಲ್ಲಿ ಹೋಗುವಾಗ ಚಪ್ಪಲಿ ನೋಡಿ ಗೊತ್ತಾಯಿತು.

ಫೋನಿಗೆ ಮೊದಲು ಬೇಕು ಅಂತಲೇ ಬರಲಿಲ್ಲ. ಈಗ ಬರಲು ಆಗುವುದಿಲ್ಲ. ಆಪರೇಷನ್ನಿನಲ್ಲಿ ಸ್ವರದ ನರಕ್ಕೆ ಪೆಟ್ಟಾಗಿದೆ, ಗಂಟಲಿನಿಂದ ಗಾಳಿ ಮಾತ್ರ ಬರುತ್ತದೆ. ಗಂಟು ದೊಡ್ಡದಿದ್ದಾಗ ಹೀಗೆ ಆಗುವುದು ಉಂಟು, ಸ್ವರ ಮತ್ತೆ ಬಂದರೆ ಬರಬಹುದು ಅಂದಿದ್ದಾರೆ. ಕಾಲೇಜಿನ ವರ್ಷ ಹೋಯಿತು. ಹರ್ಷಾ ಸೆಕೆಂಡ್ ಇಯರಿಗೆ ಹೋದಳು, ಅವಳ ನೋಟ್ಸ್ ಎಲ್ಲ ನನಗೆ ಕೊಟ್ಟಿದ್ದಾಳೆ. ಹೃದಯ ದೊಡ್ಡದಾಗಿದೆ ಅಂತ ಇನ್ನೂ ಒಂದು ಮದ್ದು ಇದೆ, ಮೆಟ್ಟಿಲು ನಿಧಾನ ಹತ್ತಬೇಕು.

ಗ್ರಂಥಿ ಪೂರ್ತಿ ತೆಗೆದಿದ್ದಾರೆ. ಅದಿಲ್ಲದೆ ಬದುಕಲು ಇನ್ನು ಕೊನೆಯವರೆಗೆ ಗುಳಿಗೆ ತಿನ್ನಬೇಕು. ಮೆಡಿಕಲ್ ಶಾಪಿನಿಂದ ವಿನಯತ್ತೆ ತಂದು ಮೇಜಿನ ಮೇಲೆ ಇಟ್ಟರು. ನೋಡಿದೆ. ನಿನ್ನದೇ ಬಾಟಲಿ ಅಮ್ಮ. ಅದೇ ಮುಚ್ಚಳ, ಅದೇ ಸಣ್ಣ ಗುಳಿಗೆ, ಖಾಲಿ ಹೊಟ್ಟೆಯಲ್ಲಿ, ಚಾ ಒಂದು ಗಂಟೆ ಬಿಟ್ಟು. ಅತ್ತೆ ಒಂದು ಕಾಗದ ಅಂಟಿಸಿ ಅದರ ಮೇಲೆ ನನ್ನ ಹೆಸರು ಬರೆದರು. ಮೊದಲ ದಿವಸ ಬಾಯಿಗೆ ಹಾಕಿ ಉಗಿದೆ. ಎರಡನೇ ದಿವಸ ಅತ್ತೆ ಎದುರು ಕುಳಿತುಕೊಂಡರು. “ನುಂಗ್ ಮಗಾ. ಇದ್ ಡಾಕ್ಟ್ರ್ ನಿಂಗೇ ಕೊಟ್ಟದ್” ಅಂದರು. ಈಗ ನುಂಗುತ್ತೇನೆ. ಆ ಹೊತ್ತಿಗೆ ಶಿರೂರಿನಲ್ಲಿ ನೀನೂ ನುಂಗುತ್ತಿರುತ್ತೀ ಅಂತ ಯೋಚನೆ ಬರುತ್ತದೆ. ಬರಬಾರದು ಅಂತ ಮಾಡುತ್ತೇನೆ, ಬರುತ್ತದೆ.

ಮನೆಗೆ ಯಾವಾಗ ಅಂತ ಕೇಳಬೇಡ. ನನಗೆ ಗೊತ್ತಿಲ್ಲ. ನೀನು ನನ್ನನ್ನು ಕೊಲ್ಲಲು ಹೋಗಲಿಲ್ಲ ಅಂತ ಗೊತ್ತು. ನಿಲ್ಲಿಸಲಾ ಅಂತ ನಾನು ಕೇಳಿದ್ದು ಕೂಡ ಮರೆಯುವುದಿಲ್ಲ. ಎರಡೂ ಒಟ್ಟಿಗೆ ಇವೆ, ಒಂದು ಹೋದರೆ ಇನ್ನೊಂದು ಇರುತ್ತದೆ.

ಸ್ವಾತಿಯ ಕುತ್ತಿಗೆಯನ್ನು ದಿನಾ ಕನ್ನಡಿಯಲ್ಲಿ ನೋಡಿಸಬೇಡ. ಮುಟ್ಟಿಯೂ ನೋಡಬೇಡ. ವರ್ಷಕ್ಕೊಮ್ಮೆ ಡಾಕ್ಟ್ರು ನೋಡಲಿ. ಬರುವ ಮಾರ್ಚಿನಲ್ಲಿ ಅವಳ ರಕ್ತ ತೆಗೆಸುವ ದಿವಸ ನಾನು ಬಾರ್ಕೂರಿನಿಂದ ಬರುತ್ತೇನೆ. ಸೂಜಿ ಹಾಕುವಾಗ ಅವಳ ಕೈ ನಾನು ಹಿಡಿದುಕೊಳ್ಳುತ್ತೇನೆ. ಮನೆಗೆ ಬರುವುದಿಲ್ಲ. ನೀನೇ ಅವಳನ್ನು ಕರೆದುಕೊಂಡು ಬಾ, ಅಪ್ಪಯ್ಯನಿಗೆ ನಾನು ಹೇಳಿಸುತ್ತೇನೆ. ಕುಂದಾಪುರದ ಶಾಸ್ತ್ರಿ ಸರ್ಕಲಿನಲ್ಲಿ ಇಳಿಯಿರಿ, ನಾನು ಅಲ್ಲಿ ನಿಂತಿರುತ್ತೇನೆ.

ಹೊರಡುವ ಮೊದಲು ನಿನ್ನ ಗುಳಿಗೆ ತಿಂದಿರು. ಪೂರ್ತಿ.

ನಿಖಿತಾ